ಹಿಮಾಯತ್‌ನಗರದ ಸೈಡ್ ಸ್ಟ್ಯಾಂಡ್ ಪ್ರಸಂಗ

"ಈ ಸಲದ ಸಂಚಿಕೆ ನಮ್ಮ ಮಕ್ಕಳಿಗಾಗಿ. ನಿಮ್ಮ ಬಡಾವಣೆಯ ಬಗ್ಗೆ ಏನಾದರೂ ಬರೆದುಕೊಡಿ" ಎಂದು ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದಾಗ ನನಗೆ ನಗು ಬಂತು. ಹೈದರಾಬಾದ್ ನೋಡಲು ಬಂದವರು ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ಮ್ಯೂಸಿಯಂ ಎಂದು ಸುತ್ತುತ್ತಾರೆಯೇ ಹೊರತು ಹಿಮಾಯತ್‌ನಗರ ನೋಡಬೇಕೆಂದು ಯಾರೂ ಬರುವುದಿಲ್ಲ. 1992ರಲ್ಲಿ ಮದುವೆಯಾಗಿ ಗುಲ್ಬರ್ಗಾದಿಂದ (ಈಗಿನ ಕಲಬುರ್ಗಿ) ಇಲ್ಲಿಗೆ ಬಂದ ನಾನೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಮನೆ, ದೇವಸ್ಥಾನ, ತರಕಾರಿ ಅಂಗಡಿ, ಮಕ್ಕಳ ಶಾಲೆ, ಇಷ್ಟರಲ್ಲೇ ಮೂವತ್ತು ವರ್ಷ ಕಳೆದಿತ್ತು. ಕೊನೆಗೆ ಅದನ್ನು ತೋರಿಸಿಕೊಟ್ಟದ್ದು ಒಂದು ವಿದ್ಯುತ್ ಮೋಟರ್‌ಸೈಕಲ್ಲಿನ ಸೈಡ್ ಸ್ಟ್ಯಾಂಡ್! ಆ ಕಥೆಯನ್ನೇ ಹೇಳುತ್ತೇನೆ, ಕೇಳಿ.

ಮೊದಲು ಜಾಗದ ಪರಿಚಯ. ಬಷೀರ್‌ಬಾಗಿನ ಕಡೆಯಿಂದ ಬಂದರೆ ಲಿಬರ್ಟಿ ಚೌರಸ್ತೆ ಸಿಗುತ್ತದೆ. ಲಿಬರ್ಟಿ ಎಂಬ ಸಿನೆಮಾ ಮಂದಿರ ಎಂದೋ ಹೋಯಿತು, ಹೆಸರು ಮಾತ್ರ ಉಳಿದಿದೆ. ಅಲ್ಲೇ ತಿರುಪತಿ ದೇವಸ್ಥಾನದವರ ಬಾಲಾಜಿ ಮಂದಿರ. ಅಲ್ಲಿಂದ ನಾರಾಯಣಗುಡದ ಫ್ಲೈಓವರ್ ತನಕ ಹೋಗುವ ಮುಖ್ಯ ರಸ್ತೆಯೇ ಹಿಮಾಯತ್‌ನಗರದ ಬೆನ್ನೆಲುಬು. ಎರಡೂ ಬದಿಗೆ ಒಳಗೆ ಹೋಗುವ ಬೀದಿಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು ಬಳಕೆ: ಸ್ಟ್ರೀಟ್ ನಂಬರ್ ಒಂದು, ಎರಡು, ಮೂರು. ಮಿನರ್ವಾ ಕಾಫಿ ಶಾಪಿನ ಇಡ್ಲಿ ಒಂದು ಕಡೆ, ಉರ್ದು ಹಾಲ್‌ನ ಮುಶಾಯಿರಾ ಇನ್ನೊಂದು ಕಡೆ. ಏಳನೆಯ ನಿಜಾಮರ ಹಿರಿಯ ಮಗ ಹಿಮಾಯತ್ ಅಲಿ ಖಾನರ ಹೆಸರು ಈ ಬಡಾವಣೆಗೆ ಬಂದಿದೆ ಎನ್ನುತ್ತಾರೆ. ನಿಜಾಮರೇ 1967ರಲ್ಲಿ ಕೊನೆಯುಸಿರೆಳೆದ ಕಿಂಗ್ ಕೋಠಿ ಇಲ್ಲಿಂದ ನಡೆದು ಹೋಗುವಷ್ಟು ದೂರ. ಇಷ್ಟೆಲ್ಲ ಇತಿಹಾಸವಿದ್ದರೂ ಈ ರಸ್ತೆಯಲ್ಲಿ ಇವತ್ತು ಕಣ್ಣಿಗೆ ಬೀಳುವುದು ಅಂಗಡಿಗಳು, ಆಸ್ಪತ್ರೆಗಳು, ಲ್ಯಾಬುಗಳು, ಗಾಡಿಗಳ ಶೋರೂಮುಗಳು.

ನನ್ನ ಅಕ್ಕನ ಮಗ ಇಂಥದೇ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಡಿಪ್ಲೊಮಾ ಮುಗಿಸಿ ರಾಯಚೂರಿನಿಂದ ಬಂದವನು ನಮ್ಮಲ್ಲೇ ಇರುತ್ತಾನೆ. ಬೆಳಿಗ್ಗೆ ಆರಕ್ಕೆ ಹೊರಟು ಮನೆಮನೆಗೆ ಹೋಗಿ ರಕ್ತದ ಮಾದರಿ ತೆಗೆದುಕೊಂಡು ಬರುವುದು ಅವನ ಕೆಲಸ. ಹೆಚ್ಚಿನವರು ವಯಸ್ಸಾದವರು, ಸಕ್ಕರೆ ಕಾಯಿಲೆಯವರು. ರಾತ್ರಿಯಿಂದ ಉಪವಾಸವಿದ್ದು ಬಾಗಿಲು ನೋಡುತ್ತ ಕೂತಿರುತ್ತಾರೆ. ಸ್ವಂತ ಗಾಡಿ ಇದ್ದರೆ ಮಾತ್ರ ಈ ಕೆಲಸ. ಸಂಬಳ ಒಂದು ಮನೆಗೆ ಇಷ್ಟು ಎಂದು ಲೆಕ್ಕ.

2023ರ ಮೇ ತಿಂಗಳಲ್ಲಿ ಅವನು ವಿದ್ಯುತ್ ಮೋಟರ್‌ಸೈಕಲ್ ಕೊಂಡ. ಆ ತಿಂಗಳು ಶೋರೂಮುಗಳಲ್ಲಿ ಜಾತ್ರೆ. ಕೇಂದ್ರ ಸರಕಾರ ಫೇಮ್ ಎಂಬ ಯೋಜನೆಯಲ್ಲಿ ಬ್ಯಾಟರಿಯ ಒಂದು ಕಿಲೋವ್ಯಾಟ್-ಗಂಟೆಗೆ 15,000 ರೂಪಾಯಿಯಂತೆ ಕೊಡುತ್ತಿದ್ದ ಸಹಾಯಧನವನ್ನು ಜೂನ್ 1ರಿಂದ 10,000ಕ್ಕೆ ಇಳಿಸಲಿತ್ತು. ಗಾಡಿಯ ಬೆಲೆಯ ಶೇಕಡಾ 40ರವರೆಗೆ ಇದ್ದ ಮಿತಿಯೂ 15ಕ್ಕೆ ಇಳಿಯಲಿತ್ತು. "ಈ ವಾರ ತೊಗೊಂಡ್ರ ಉಳೀತದ ಮೌಶಿ, ಮುಂದಿನ ವಾರ ತುಟ್ಟಿ ಆಗ್ತದ" ಎಂದು ಅವಸರ ಮಾಡಿದ. ಸಾಲ ಮಾಡಿದ, ತಿಂಗಳಿಗೆ 4,350 ರೂಪಾಯಿ ಕಂತು. ಶೋರೂಮು ನಮ್ಮ ಮುಖ್ಯ ರಸ್ತೆಯಲ್ಲೇ ಇತ್ತು. ಹಾರ ಹಾಕಿದರು, ಫೋಟೋ ತೆಗೆದರು, ನನ್ನ ಕೈಯಿಂದಲೇ ಬೀಗದ ಕೈ ಕೊಡಿಸಿದರು.

ಅದರ ಗುಣವನ್ನೂ ಹೇಳಬೇಕು. ಎರಡು ವರ್ಷ ಅದು ಒಂದು ದಿನ ಕೈಕೊಡಲಿಲ್ಲ. ಸದ್ದಿಲ್ಲ, ಹೊಗೆಯಿಲ್ಲ. ರಾತ್ರಿ ನಮ್ಮ ಪೋರ್ಟಿಕೋದಲ್ಲಿ ಚಾರ್ಜಿಗೆ ಹಾಕಿದರೆ ಮೂರೂವರೆ ಯೂನಿಟ್ ಕರೆಂಟು, ಮರುದಿನದ ಕೆಲಸವೆಲ್ಲ ಮುಗಿಯುತ್ತಿತ್ತು. ಪೆಟ್ರೋಲು ಲೀಟರಿಗೆ 107 ರೂಪಾಯಿ ದಾಟಿದ ಊರಿನಲ್ಲಿ ಕಂತನ್ನು ಈ ಉಳಿತಾಯವೇ ಅರ್ಧ ಕಟ್ಟುತ್ತಿತ್ತು.

2025ರ ಜುಲೈ. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಕೀ ತಿರುಗಿಸಿದರೆ ದೀಪ ಹತ್ತಿತು, ಹಾರ್ನ್ ಕೂಗಿತು, ಗಾಡಿ ಮಾತ್ರ ಕದಲಲಿಲ್ಲ. ಮೀಟರಿನ ಮೇಲೆ ಸ್ಟ್ಯಾಂಡಿನ ಚಿತ್ರ ಕೆಂಪಗೆ ಮಿನುಗುತ್ತಿತ್ತು. ಸ್ಟ್ಯಾಂಡ್ ಮೇಲೆತ್ತಿಯೇ ಇತ್ತು! ಎತ್ತಿದ, ಇಳಿಸಿದ, ಕಾಲಲ್ಲಿ ಒದ್ದ. ಉಹುಂ. "ನೀನು ಸ್ಟ್ಯಾಂಡ್ ಹಾಕಿದ್ದೀಯಾ" ಎನ್ನುತ್ತದೆ ಗಾಡಿ. "ಹಾಕಿಲ್ಲ ಮಾರಾಯ್ತಿ" ಎಂದರೆ ಅದು ಕೇಳಬೇಕಲ್ಲ!

ಶೋರೂಮಿಗೆ ಓಡಿದ. ಅಲ್ಲಿ ಬಟ್ಟೆ ಅಂಗಡಿ. ಹಾರ ಹಾಕಿದ ಜಾಗದಲ್ಲಿ ಚೂಡಿದಾರ್ ತೊಟ್ಟ ಗೊಂಬೆ ನಿಂತಿತ್ತು. ಡೀಲರು ಬಾಗಿಲು ಹಾಕಿ ಆರು ತಿಂಗಳಾಗಿತ್ತಂತೆ. ಕಂಪೆನಿಯ ಸಹಾಯವಾಣಿಯವರು ಎಲ್‌.ಬಿ. ನಗರದ ಆಚೆ ಇರುವ ಸರ್ವಿಸ್ ಸೆಂಟರಿನ ವಿಳಾಸ ಕೊಟ್ಟರು. ಟೆಂಪೋದಲ್ಲಿ ಗಾಡಿ ಹೇರಿಕೊಂಡು ಹೋದದ್ದಕ್ಕೆ 900 ರೂಪಾಯಿ. ನಾನೂ ಜೊತೆಗೆ ಹೋದೆ, ಹಿರಿಯ ಹೆಂಗಸು ಪಕ್ಕದಲ್ಲಿದ್ದರೆ ಮರ್ಯಾದೆಯಿಂದ ಮಾತಾಡುತ್ತಾರೆಂದು!

ಮರ್ಯಾದೆಯಿಂದಲೇ ಮಾತಾಡಿದರು, ಅದೇ ತೊಂದರೆ. ಕೂರಿಸಿ ಚಹಾ ಕೊಟ್ಟರು. ಅಂಗಳದಲ್ಲಿ ಧೂಳು ಹಿಡಿದ ನಲವತ್ತು ಗಾಡಿಗಳಾದರೂ ಸಾಲಾಗಿ ನಿಂತಿದ್ದವು. ಕೆಲವಕ್ಕೆ ಬ್ಯಾಟರಿಯೇ ಇಲ್ಲ, ಕೆಲವಕ್ಕೆ ಮುಂದಿನ ಚಕ್ರವಿಲ್ಲ. ಒಂದರ ಅಂಗ ತೆಗೆದು ಇನ್ನೊಂದಕ್ಕೆ ಹಾಕುತ್ತಿದ್ದಾರೆಂದು ನೋಡಿದರೆ ತಿಳಿಯುತ್ತಿತ್ತು. ಟೆಕ್ನಿಷಿಯನ್ ಇಪ್ಪತ್ತೆರಡರ ಹುಡುಗ. ಮೊದಲ ದಿನ "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ" ಎಂದ. ನಾಲ್ಕನೆಯ ದಿನ "ಕಂಟ್ರೋಲರ್ ಹೋಗಿದೆ". ಒಂಬತ್ತನೆಯ ದಿನ "ಸೈಡ್ ಸ್ಟ್ಯಾಂಡ್ ಸೆನ್ಸರ್". ಗಾಡಿಯೇ ಮೊದಲ ದಿನ ಕೆಂಪು ದೀಪ ಹಾಕಿ ಹೇಳಿದ್ದನ್ನು ಹೇಳಲು ಒಂಬತ್ತು ದಿನ! ಆ ಸೆನ್ಸರ್ ಬಿಡಿಯಾಗಿ ಬರುವುದಿಲ್ಲ, ಇಡೀ ಸ್ಟ್ಯಾಂಡಿನ ಸೆಟ್ಟೇ ಕಾರ್ಖಾನೆಯಿಂದ ಬರಬೇಕು, "ಬಂದ ಕೂಡಲೆ ಫೋನ್ ಮಾಡುತ್ತೇವೆ ಮೇಡಂ, ಅಂಗಳದಲ್ಲಿ ಜಾಗವಿಲ್ಲ, ಅಲ್ಲಿಯವರೆಗೆ ಗಾಡಿ ಮನೆಗೆ ಒಯ್ಯಿರಿ" ಎಂದರು. ಮತ್ತೆ ಟೆಂಪೋ, ಮತ್ತೆ 900.

ಆ ಹುಡುಗನನ್ನು ಬೈದು ಏನು ಫಲ? ಅವನ ಲ್ಯಾಪ್‌ಟಾಪಿನಲ್ಲಿ ಒಂದು ಅಂಕಿ ಬರುತ್ತದೆ. ಆ ಅಂಕಿಯ ಅರ್ಥ ಅವನಿಗೆ ಕಂಪೆನಿ ಹೇಳಬೇಕು. ಗಾಡಿಯೊಳಗಿನ ಮುಖ್ಯ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುತ್ತ ಇರುತ್ತವಂತೆ. ಬ್ಯಾಟರಿಯನ್ನು ಕಾಯುವ ಬಿ.ಎಂ.ಎಸ್., ಮೋಟರನ್ನು ಆಳುವ ಕಂಟ್ರೋಲರ್, ಮೀಟರು ಎಲ್ಲವೂ. ಹೊಸ ಕಂಟ್ರೋಲರ್ ಹಾಕಿದರೆ "ಇವನು ನಮ್ಮವನೇ" ಎಂದು ಕಂಪೆನಿಯ ಕಂಪ್ಯೂಟರಿನಿಂದ ಪರಿಚಯ ಮಾಡಿಸಬೇಕು. ನಮ್ಮದು ಅಷ್ಟು ದೊಡ್ಡ ರೋಗವೇ ಅಲ್ಲ. ಸ್ಟ್ಯಾಂಡಿನಲ್ಲಿ ಬಟಾಣಿ ಗಾತ್ರದ ಅಯಸ್ಕಾಂತ, ಅದರ ಎದುರು ಅಯಸ್ಕಾಂತವನ್ನು ಗುರುತಿಸುವ ಒಂದು ಸೆನ್ಸರ್. ಅದರ ಒಳಗೆ ನೀರು ಹೋದರೆ ಗಾಡಿಗೆ ಸ್ಟ್ಯಾಂಡ್ ಎತ್ತಿದ್ದು ತಿಳಿಯುವುದಿಲ್ಲ. ವಾರಂಟಿ ಪುಸ್ತಕವನ್ನು ನಾನೇ ಓದಿದೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು, ಷೇಕ್ಸ್‌ಪಿಯರನನ್ನು ಅರ್ಥ ಮಾಡಿಕೊಂಡು ಪಾಸಾಗಿದ್ದೇನೆ, ಈ ಪುಸ್ತಕದ ಮುಂದೆ ಸೋತೆ. ಆದರೂ ಒಂದು ವಾಕ್ಯ ಚೆನ್ನಾಗಿ ತಿಳಿಯಿತು: ಕಂಪೆನಿ ಒಪ್ಪದವರು ಗಾಡಿ ಬಿಚ್ಚಿದರೆ ವಾರಂಟಿ ಇಲ್ಲ. ನಮ್ಮ ಗಾಡಿಗೆ ಮೂರು ವರ್ಷ, ಬ್ಯಾಟರಿಗೆ ಐದು ವರ್ಷ ವಾರಂಟಿ. ಬ್ಯಾಟರಿಯ ಬೆಲೆ 70,000 ರೂಪಾಯಿ.

ಗಾಡಿ ನಿಂತರೆ ಕಂತು ನಿಲ್ಲುವುದಿಲ್ಲ. ಮೊದಲ ವಾರ ಆಟೋದಲ್ಲಿ ಹೋದ, ಗಳಿಸಿದ್ದೆಲ್ಲ ಆಟೋಗೆ. ಲ್ಯಾಬಿನವರು "ಗಾಡಿ ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ" ಎಂದರು. ಒಂದು ರಾತ್ರಿ ಊಟಕ್ಕೆ ಕೂತವನು ಅನ್ನ ಕಲೆಸುತ್ತ "ಊರಿಗೆ ಹೋಗಿಬಿಡ್ತೀನಿ ಮೌಶಿ" ಎಂದ. ಅವನ ತಂಗಿಯ ಫೀಸನ್ನೂ ಇವನೇ ಕಟ್ಟುತ್ತಾನೆ. ಆಗ ನಮ್ಮ ಯಜಮಾನರು ಏನೂ ಮಾತಾಡದೆ ಎದ್ದು ಹೋಗಿ, ಹಿತ್ತಲ ಷೆಡ್ಡಿನಲ್ಲಿ ಹಳೆಯ ಸೀರೆ ಹೊದ್ದು ನಿಂತಿದ್ದ ಯೆಜ್ಡಿಯನ್ನು ಹೊರಗೆ ತಂದರು.

ನಿಮ್ಮಲ್ಲಿ ಎಷ್ಟು ಜನ ಯೆಜ್ಡಿ ನೋಡಿದ್ದೀರೋ ಗೊತ್ತಿಲ್ಲ. ನಮ್ಮ ಮೈಸೂರಿನ ಗಾಡಿ ಅದು. ಝೆಕೊಸ್ಲೊವಾಕಿಯದ ಜಾವಾ ಮೋಟರ್‌ಸೈಕಲನ್ನು ಐಡಿಯಲ್ ಜಾವಾ ಕಂಪೆನಿ 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಿಸಿತು. ಮುಂದೆ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. (2022ರಿಂದ ಅದೇ ಹೆಸರಿನಲ್ಲಿ ಬೇರೆ ಕಂಪೆನಿ ಹೊಸ ಗಾಡಿ ಮಾರುತ್ತಿದೆ, ಅದರ ವಿಷಯ ಬೇರೆ.) ನಮ್ಮವರದು ರೋಡ್‌ಕಿಂಗ್. ಎರಡು ಸೈಲೆನ್ಸರ್, ಕಿಕ್ ಹೊಡೆಯುವ ಪೆಡಲೇ ಮುಂದಕ್ಕೆ ಮಡಚಿದರೆ ಗೇರ್! ಹೊಸ ಮದುವಣಗಿತ್ತಿಯಾಗಿ ಇದರ ಹಿಂದೆ ಕೂತು ನಾನು ಟ್ಯಾಂಕ್ ಬಂಡ್ ನೋಡಿದ್ದು.

ಕಿಕ್ ಹೊಡೆದು ಹೊಡೆದು ಬೆವರು ಸುರಿಸಿ ಗಾಡಿ ಶುರು ಮಾಡಿದರು. ಇಡೀ ಬೀದಿ ಹೊಗೆ, ನಾಯಿಗಳೆಲ್ಲ ಎದ್ದವು. ಮೂರನೆಯ ದಿನ ಅದರ ಕ್ಲಚ್ ವಾಯರ್ ಕಟ್ಟಾಯಿತು. ಮುಗಿಯಿತು, ಇನ್ನು ಹುಡುಗ ಬ್ಯಾಗು ಕಟ್ಟುತ್ತಾನೆ ಎಂದುಕೊಂಡೆ. "ಪುತ್ಲಿಬೌಲಿಗೆ ಹೋಗಿ ಬಾ, ಸಿಗ್ತದ" ಎಂದರು ಇವರು. ನಾನೂ ಹೊರಟೆ.

ನಾರಾಯಣಗುಡ ಮೆಟ್ರೋದಲ್ಲಿ ಹತ್ತಿದರೆ ಮುಂದಿನದೇ ಸುಲ್ತಾನ್ ಬಜಾರ್. ಈ ಮಾರ್ಗ 2020ರ ಫೆಬ್ರವರಿಯಲ್ಲಿ ಶುರುವಾಯಿತು. ಒಂದೇ ಸ್ಟೇಷನ್, ಆದರೆ ಇಳಿದರೆ ಬೇರೆ ಲೋಕ. ಒಂದು ಕಡೆ ಕೋಠಿ: ನಾನು ಹೊಸದರಲ್ಲಿ ಭಾನುವಾರ ಭಾನುವಾರ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಕಾದಂಬರಿ ಕೊಳ್ಳುತ್ತಿದ್ದ ಜಾಗ. ಅಲ್ಲೇ ಗುಜರಾತಿ ಗಲ್ಲಿ, ರೇಡಿಯೋ-ಟಿವಿಯ ಒಳಗಿನ ಚೂರುಪಾರುಗಳಿಂದ ಹಿಡಿದು ಎಲ್ಲ ಎಲೆಕ್ಟ್ರಾನಿಕ್ ಸಾಮಾನು. ಟ್ರೂಪ್ ಬಜಾರಿನಲ್ಲಿ ವೈರು, ಸ್ವಿಚ್ಚು, ದೀಪ. ಇನ್ನೊಂದು ಕಡೆ ಪುತ್ಲಿಬೌಲಿ, ಗೌಳಿಗುಡ: ಗಾಡಿಗಳ ಬಿಡಿಭಾಗದ ಅಂಗಡಿಗಳು. ಒಂದು ಅಂಗಡಿಯ ಮುದುಕರು ತುಂಡಾದ ವಾಯರನ್ನು ಕೈಯಲ್ಲಿ ಹಿಡಿದು ಉದ್ದ ನೋಡಿದರು, "ರೋಡ್‌ಕಿಂಗ್" ಎಂದರು. ನಾನು ಗಾಡಿಯ ಹೆಸರು ಹೇಳಿರಲಿಲ್ಲ! ಒಳಗಿನಿಂದ ಎಣ್ಣೆ ಕಾಗದದಲ್ಲಿ ಸುತ್ತಿದ ಹೊಸ ವಾಯರ್ ಬಂತು. 180 ರೂಪಾಯಿ, ಹತ್ತು ನಿಮಿಷ. ಮೂವತ್ತು ವರ್ಷದ ಹಿಂದೆ ಮುಚ್ಚಿಹೋದ ಕಾರ್ಖಾನೆಯ ಗಾಡಿಗೆ!

ಅದನ್ನು ಹಾಕಿಸಲು ನಾರಾಯಣಗುಡದ ಒಂದು ಗಲ್ಲಿಗೆ ಹೋದೆವು. ಹೈದರಾಬಾದಿನಲ್ಲಿ ಮೆಕ್ಯಾನಿಕ್ ಎಂದರೆ ಉಸ್ತಾದ್. ಮರದ ಕೆಳಗೆ ಒಂದು ಡಬ್ಬಿ, ಒಂದು ಪೆಟ್ಟಿಗೆ, ಇಬ್ಬರು ಶಿಷ್ಯರು. ನಾನು ಹುಡುಗನಿಗೆ "ಹುಷಾರಪಾ, ಕೈ ಸಿಕ್ಕೀತು" ಎಂದದ್ದು ಕೇಳಿ ಉಸ್ತಾದ್ ತಲೆ ಎತ್ತಿದರು.

"ಅಕ್ಕಾರ, ಕನ್ನಡದವರೇನ್ರಿ? ನಂದು ಹುಮನಾಬಾದ್ ರೀ."

ಮೂವತ್ತು ವರ್ಷದಿಂದ ನಾನು ವಾರಕ್ಕೆರಡು ಸಲ ಆ ಗಲ್ಲಿಯ ಬಾಯಿ ದಾಟಿ ತರಕಾರಿಗೆ ಹೋಗಿದ್ದೇನೆ. ನಿಮ್ಮಲ್ಲಿ ಅನೇಕರು ಮನೆಯಲ್ಲಿ ಕನ್ನಡ, ಗೆಳೆಯರೊಡನೆ ತೆಲುಗು ಹಿಂದಿ, ಕೆಲಸದಲ್ಲಿ ಇಂಗ್ಲಿಷ್ ಆಡುವವರು. ಈ ಊರಿನಲ್ಲಿ ಕನ್ನಡ ಎಂದರೆ ಕಾಚಿಗುಡದ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ನಮ್ಮ ಸಂಘದ ಯುಗಾದಿ ಎಂದೇ ನಾನೂ ತಿಳಿದಿದ್ದೆ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರುಗಳಿಗೆ ಈ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯಗಳು ಬೇರೆಯಾದರೂ ಕೆಲಸ ಹುಡುಕುವವರು ಹತ್ತಿರದ ದೊಡ್ಡ ಊರಿಗೇ ಬರುತ್ತಾರಲ್ಲ. ಉಸ್ತಾದರು ಹದಿನಾಲ್ಕರ ವಯಸ್ಸಿನಲ್ಲಿ ಬಂದವರಂತೆ.

ಕನ್ನಡ ಸಿಕ್ಕ ಮೇಲೆ ನನ್ನ ದೂರೆಲ್ಲ ಹೊರಬಂತು. ಆ ಸಂಜೆಯೇ ಮನೆಗೆ ಬಂದು ಗಾಡಿ ನೋಡಿದರು. ಬಗ್ಗಿ ಸ್ಟ್ಯಾಂಡಿನ ಕೆಳಗೆ ಟಾರ್ಚ್ ಬಿಟ್ಟರು.

"ಇದರಾಗ ಏನಿಲ್ರಿ ಅಕ್ಕಾರ. ಕೋಠ್ಯಾಗ ಇಂಥದೇ ಸೆನ್ಸರ್ ಸಿಕ್ಕೀತು. ಇಲ್ಲಾ ವೈರ್ ಕೂಡಿಸಿಬಿಟ್ರೂ ಓಡತದ. ಆದ್ರ ನಾ ಮುಟ್ಟಂಗಿಲ್ಲ."

"ಯಾಕ್ರೀ?"

"ವೈರ್ ಕೂಡಿಸಿದ್ರ ಸ್ಟ್ಯಾಂಡ್ ಕೆಳಗಿದ್ರೂ ಗಾಡಿ ಓಡತದ. ತಿರುವಿನಾಗ ಬಡದು ಹುಡುಗ ಬೀಳತಾನ. ಇನ್ನ ಬ್ಯಾರೆ ಸೆನ್ಸರ್ ಹಾಕಿದ್ರ, ನಾಳೆ ಬ್ಯಾಟರಿ ಹೋದಾಗ ಕಂಪನಿಯವ್ರು 'ಯಾರ್ ಬಿಚ್ಚಿದ್ರು' ಅಂತಾರ. ನಾ ಇನ್ನೂರು ರೂಪಾಯಿ ತೊಗೊಂಡು ನಿಮ್ಮ ಎಪ್ಪತ್ತು ಸಾವಿರ ಹಾಳು ಮಾಡ್ಲ್ಯಾ?"

ಕೈಯಲ್ಲಿ ವಿದ್ಯೆ ಇದೆ, ಎದುರಿಗೆ ರೋಗ ಇದೆ, ಮುಟ್ಟುವ ಹಕ್ಕಿಲ್ಲ. ಅವರ ಮುಖ ನೋಡಿ ನನಗೆ ಹಿಂದಿನ ವರ್ಷ ತವರಿನಿಂದ ಕೇಳಿದ ಸುದ್ದಿ ನೆನಪಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಕಲಬುರ್ಗಿಯಲ್ಲಿ ಇಪ್ಪತ್ತಾರು ವರ್ಷದ ಯುವಕನೊಬ್ಬ, ತಿಂಗಳೂ ತುಂಬದ ತನ್ನ ವಿದ್ಯುತ್ ಸ್ಕೂಟರನ್ನು ಸರಿಮಾಡಿಕೊಡಲಿಲ್ಲವೆಂದು ಶೋರೂಮಿಗೇ ಬೆಂಕಿಯಿಟ್ಟ. ಆರು ಗಾಡಿ ಸುಟ್ಟವು, ಅವನನ್ನು ಪೊಲೀಸರು ಹಿಡಿದರು. ಅವನು ಮಾಡಿದ್ದು ತಪ್ಪೇ. ಅದೇ ತಿಂಗಳಲ್ಲಿ ಎರಡು ವರ್ಷದ ಹಿಂದೆ, 2022ರಲ್ಲಿ, ನಮ್ಮ ಸಿಕಂದರಾಬಾದಿನಲ್ಲೇ ಕೆಳಗೆ ವಿದ್ಯುತ್ ಗಾಡಿಗಳಿದ್ದ ಹೋಟೆಲಿಗೆ ಬೆಂಕಿ ಬಿದ್ದು ಎಂಟು ಜನ ಸತ್ತದ್ದನ್ನು ನಾವು ಮರೆತಿಲ್ಲ. ಬೆಂಕಿ ಆಟದ ಸಾಮಾನಲ್ಲ. ಆದರೆ ಕಲಬುರ್ಗಿಯ ಆ ಹುಡುಗ ಯಾರು ಗೊತ್ತೇ? ಕಸುಬಿನಿಂದ ಮೆಕ್ಯಾನಿಕ್! ಊರವರ ಗಾಡಿಯೆಲ್ಲ ರಿಪೇರಿ ಮಾಡುವವನಿಗೆ ತನ್ನ ಗಾಡಿಯನ್ನು ಬೇರೆಯವರು ಮುಟ್ಟುವ ತನಕ ಕಾಯಬೇಕಾಗಿ ಬಂತು.

ಬೆಂಕಿಯ ದಾರಿ ಬೇಡವೆಂದು ನಾವು ಫೋನಿನ ದಾರಿ ಹಿಡಿದೆವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ನಂಬರು 1915. ಕನ್ನಡದಲ್ಲೂ ಮಾತಾಡಬಹುದು, ನಾನು ಮಾತಾಡಿದೆ. ದೂರು ಬರೆದುಕೊಂಡು ನಂಬರ್ ಕೊಟ್ಟರು. ವಿದ್ಯುತ್ ಗಾಡಿಗಳ ಬಗ್ಗೆ ದೂರು ಅಲ್ಲಿ ಹೊಸತಲ್ಲ. 2024ರ ಅಕ್ಟೋಬರ್‌ನಲ್ಲಿ ಒಂದೇ ಕಂಪೆನಿಯ ಮೇಲೆ ಒಂದು ವರ್ಷದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ದೂರು ಬಂದಿವೆಯೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟೀಸು ಕೊಟ್ಟಿತ್ತು. (ನಮ್ಮದು ಆ ಕಂಪೆನಿಯ ಗಾಡಿಯಲ್ಲ.) 2022ರ ಡಿಸೆಂಬರ್ 24ರಂದು ಕೇಂದ್ರ ಸರಕಾರ "ರಿಪೇರಿಯ ಹಕ್ಕು" ಎಂಬ ಪೋರ್ಟಲನ್ನೂ ತೆರೆದಿದೆ, ಅದರಲ್ಲಿ ಮೋಟರ್ ಗಾಡಿಗಳ ವಿಭಾಗವೂ ಉಂಟು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವಸ್ತುವಿನ ವಿಷಯವಾದರೆ ಅರ್ಜಿಗೆ ಶುಲ್ಕವಿಲ್ಲ. ನಾವು ಅರ್ಜಿ ಟೈಪ್ ಮಾಡಿಸುವ ತನಕ ಹೋಗಿದ್ದೆವು.

ತೆಲಂಗಾಣ ಸರಕಾರ 2024ರ ನವೆಂಬರ್‌ನಲ್ಲಿ ವಿದ್ಯುತ್ ಗಾಡಿಗಳಿಗೆ 2026ರ ಡಿಸೆಂಬರ್ 31ರವರೆಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎಲ್ಲ ಮಾಫಿ ಎಂದು ಘೋಷಿಸಿತು. ಒಳ್ಳೆಯದೇ. ಕೊಳ್ಳುವವರಿಗೆ ಕೈ ಹಿಡಿದು ಹತ್ತಿಸುವವರು ಬಹಳ ಜನ, ಕೊಂಡ ಮೇಲೆ ಬಿಡಿಭಾಗ ಎಲ್ಲಿಂದ ತರುತ್ತೀರಿ ಎಂದು ಕೇಳುವವರು ಕಡಿಮೆ. ನೀವು ಯಾರಾದರೂ ವಿದ್ಯುತ್ ಗಾಡಿ ಕೊಳ್ಳುವುದಾದರೆ ಶೋರೂಮಿನ ಎ.ಸಿ. ಕೋಣೆಯಲ್ಲಿ ಕೂರುವ ಮೊದಲು ಅವರ ಸರ್ವಿಸ್ ಸೆಂಟರಿನ ಹಿಂದಿನ ಅಂಗಳಕ್ಕೆ ಹೋಗಿ ನೋಡಿ. ಎಷ್ಟು ಗಾಡಿಗಳ ಮೇಲೆ ಧೂಳು ಕೂತಿದೆ ಎಂದು ಎಣಿಸಿ. ಬ್ರೇಕ್ ಲಿವರು, ಸ್ಟ್ಯಾಂಡು, ಚಾರ್ಜರು, ಈ ಮೂರು ಇವತ್ತು ನಿಮ್ಮ ಬಳಿ ಇವೆಯೇ, ತೋರಿಸಿ ಎಂದು ಕೇಳಿ. ನಾವು ಮೈಲೇಜ್ ಕೇಳಿದೆವು, ಬಣ್ಣ ಕೇಳಿದೆವು, ಇದನ್ನು ಕೇಳಲಿಲ್ಲ.

ಅಲ್ಲಿಯವರೆಗೆ ಹುಡುಗ ಯೆಜ್ಡಿಯಲ್ಲೇ ತಿರುಗಿದ. ಯೆಜ್ಡಿಯನ್ನು ಹೊಗಳಿ ಮುಗಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಲೀಟರಿಗೆ ಇಪ್ಪತ್ತೈದು ಕಿಲೋಮೀಟರು, ಮೇಲೆ ಆಯಿಲ್ಲಿನ ಖರ್ಚು. ಬೆಳಗಿನ ಆರಕ್ಕೆ ಅದರ ಸದ್ದಿಗೆ ಎದ್ದ ಹೈದರ್‌ಗುಡದ ಅಜ್ಜಿಯೊಬ್ಬರು "ರಕ್ತ ತೆಗೆಯೋ ಮುಂಚೆನೇ ನನ್ನ ಬಿ.ಪಿ. ಏರಿಸಿಬಿಟ್ಟೆ" ಎಂದು ತೆಲುಗಿನಲ್ಲಿ ಬೈದರಂತೆ. ಪೆಟ್ರೋಲಿಗೆ ಹೋಗಿ ಉಳಿದದ್ದು ಕಂತಿಗೆ ಸಾಲಲಿಲ್ಲ, ಎರಡು ತಿಂಗಳ ಕಂತು ನಾವೇ ಕಟ್ಟಿದೆವು. ಆದರೆ ಕೆಲಸ ಉಳಿಯಿತು.

ನಲವತ್ತಮೂರನೆಯ ದಿನ ಸರ್ವಿಸ್ ಸೆಂಟರಿನಿಂದ ಫೋನ್ ಬಂತು. ಅದೇ ಹುಡುಗ ಸ್ಟ್ಯಾಂಡಿನ ಸೆಟ್ ಹಿಡಿದುಕೊಂಡು ಮನೆಗೇ ಬಂದ. ಇಪ್ಪತ್ತು ನಿಮಿಷದ ಕೆಲಸ, ಬಿಲ್ಲು ಸೊನ್ನೆ, ಟೆಂಪೋದ 1,800 ನಮ್ಮದೇ. ಹಳೆಯ ಸ್ಟ್ಯಾಂಡು ಕಂಪೆನಿಗೆ ವಾಪಸು ಹೋಗಬೇಕೆಂದು ಚೀಲಕ್ಕೆ ಹಾಕಿಕೊಂಡ. ಉಸ್ತಾದರನ್ನೂ ಕರೆಸಿದ್ದೆವು. ಅವರು ಗೇಟಿನ ಬಳಿ ಕೈಕಟ್ಟಿ ನಿಂತು ಒಂದೊಂದು ಸ್ಕ್ರೂ ಬಿಚ್ಚುವುದನ್ನೂ ನೋಡಿದರು. ಸರ್ವಿಸ್ ಹುಡುಗ ಹೋದ ಮೇಲೆ ಚಹಾ ಕುಡಿಯುತ್ತ ಬ್ಯಾಟರಿಯ ವಾರಂಟಿ ಎಂದು ಮುಗಿಯುತ್ತದೆ ಎಂದು ಕೇಳಿದರು. 2028ರ ಮೇ ಎಂದೆ.

"ಮುಗಿದ ಮರುದಿನ ನನ್ನ ಕಡೆ ತೊಗೊಂಡ್ ಬರ್ರಿ ಅಕ್ಕಾರ. ಒಮ್ಮೆ ಪೂರಾ ಬಿಚ್ಚಿ ನೋಡಬೇಕಾಗ್ಯಾದ" ಎಂದರು. ತಮ್ಮ ಪೆಟ್ಟಿಗೆಯ ಮುಚ್ಚಳದ ಒಳಗೆ, ಸೀಮೆಸುಣ್ಣದಲ್ಲಿ, ಆ ತಿಂಗಳನ್ನು ಬರೆದಿಟ್ಟುಕೊಂಡಿದ್ದಾರೆ.